ಕೂಗಯ್ಯನ ಹಣೆ ಒರೆಸಿದವರು ಯಾರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಕೂಗಯ್ಯನವರ ಸೇವಾ ಸಮಿತಿಯ ನಂಜಪ್ಪನವರೇ, ಶ್ರೀರಂಗಪಟ್ಟಣದಿಂದ ದಯಮಾಡಿಸಿ, ಭಕ್ತಿಪಂಥಗಳ ಇತಿಹಾಸವನ್ನು ನಮಗೆಲ್ಲ ಬೆವರು ಬರುವವರೆಗೂ ತಿಳಿಸಿಕೊಟ್ಟು ಈಗ ತಾನೇ ನೀರು ಕುಡಿಯುತ್ತಿರುವ ಪ್ರೊಫೆಸರ್ ಶಂಕರ್ ಅವರೇ, ನಾಮದ ಒಕ್ಕಲಿನ ಬಂಧುಗಳೇ, ವಿಭೂತಿ ಒಕ್ಕಲಿನ ಬಂಧುಗಳೇ, ಎರಡಕ್ಕೂ ಸೇರದೆ ಬರೀ ಊಟಕ್ಕೆ ಅಂತ ಬಂದಿರುವ ಸಂತೆಬಾಚಹಳ್ಳಿಯ ಸ್ನೇಹಿತರೇ, ತಾಯಂದಿರೇ, ಸಭಿಕರೇ.

ನಾನು ಭಾಷಣಕಾರನಲ್ಲ. ಚಲುವರಾಜು ಅಂತ, ಊರಿನ ಡೈರಿಯಲ್ಲಿ ಹಾಲಿನ ಟೆಸ್ಟರ್ ಆಗಿದ್ದವನು. ನಿಮ್ಮೆಲ್ಲರ ಮನೆಯ ಹಾಲಿಗೂ ಲ್ಯಾಕ್ಟೋಮೀಟರ್ ಬಿಟ್ಟವನು. ಯಾರು ನೀರು ಬೆರೆಸುತ್ತಿದ್ದರು, ಯಾರು ಬೆರೆಸಿಯೂ ದೇವರ ಮೇಲೆ ಆಣೆ ಇಡುತ್ತಿದ್ದರು, ಎಲ್ಲಾ ನನ್ನ ತಲೆಯಲ್ಲಿದೆ. ನಿಂಗರಾಜು, ನಗಬೇಡ, ನಿನ್ನ ಹೆಸರು ನಾನಿನ್ನೂ ಹೇಳಿಲ್ಲ. ನನ್ನ ಬೆನ್ನ ಹಿಂದೆ ನನ್ನನ್ನು ಅನುಮಾನದ ಚಲುವ ಅಂತ ಕರೆಯುವುದೂ ನನಗೆ ಗೊತ್ತು. ಕರೆಯಿರಿ. ಅನುಮಾನ ಇಲ್ಲದ ಟೆಸ್ಟರಿಗೆ ಡೈರಿಯವರು ಸಂಬಳ ಯಾಕೆ ಕೊಡಬೇಕು?

ಈ ಸಭೆಯ ಮೇಲೂ ನನಗೆ ಅನುಮಾನವಿದೆ. ಮೈಕಿನ ಮೇಲೂ ಇದೆ, ನಂಜಪ್ಪನವರು ಮಾತಾಡುವಾಗ ಸರಿಯಾಗಿದ್ದದ್ದು ನಾನು ನಿಂತ ತಕ್ಷಣ ಕೀರಲು ಶುರು ಮಾಡಿತು. ಪ್ರತಿ ವರ್ಷ ಎಲ್ಲರೂ ಒಟ್ಟಿಗೆ ಕೂರುತ್ತಿದ್ದಿರಿ. ಈ ವರ್ಷ ನಾಮದವರು ಕಿಟಕಿ ಕಡೆ, ವಿಭೂತಿಯವರು ಬಾಗಿಲ ಕಡೆ, ಮಧ್ಯದಲ್ಲಿ ಎತ್ತಿನಗಾಡಿ ಹೋಗುವಷ್ಟು ಜಾಗ. ಆ ಜಾಗದಲ್ಲಿ ಒಂದೇ ಒಂದು ಕುರ್ಚಿ. ಅದರಲ್ಲಿ ಪಾಂಡವಪುರದ ಕಾಲೇಜಿನ ಮೇಡಂ ಸ್ನೇಹ ಒಬ್ಬರೇ ಕೂತಿದ್ದಾರೆ. ಅವರು ಯಾಕೆ ಅಲ್ಲಿ ಕೂತಿದ್ದಾರೆ ಅಂತ ಎಲ್ಲರಿಗೂ ಗೊತ್ತು, ಆದರೂ ನನ್ನ ಬಾಯಿಂದ ಹೇಳಿಸಲು ಸಮಿತಿಯವರು ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ.

ಮೊದಲು ಇತಿಹಾಸ. ಪ್ರೊಫೆಸರ್ ಹೇಳಿದ್ದನ್ನೇ ನಾನು ಚಿಕ್ಕದಾಗಿ ಹೇಳುತ್ತೇನೆ, ಅವರು ಬೇಜಾರು ಮಾಡಿಕೊಳ್ಳಬಾರದು. ಒಂಬೈನೂರು ವರ್ಷದ ಹಿಂದೆ ತಮಿಳು ಸೀಮೆಯಿಂದ ಆಚಾರ್ಯರು ಮೇಲುಕೋಟೆಗೆ ಬಂದರು. ಸುತ್ತಮುತ್ತಲ ಒಕ್ಕಲುಗಳು ನಾಮ ಇಟ್ಟುಕೊಂಡವು. ಆ ಕಡೆ ಕಲ್ಯಾಣದ ಶರಣರ ಮಾತು ಇಲ್ಲಿಗೂ ಹರಿದು ಬಂತು. ನಾಗಮಂಗಲದ ಕಡೆ ಭೈರವನ ಜೋಗಿಗಳಿದ್ದರು. ಅವರ ಒಕ್ಕಲುಗಳು ವಿಭೂತಿ ಇಟ್ಟುಕೊಂಡವು. ಶಂಖ ಜಾಗಟೆ ಹಿಡಿದ ದಾಸಯ್ಯ ಒಂದು ಬೀದಿಯಲ್ಲಿ, ಬೂದಿ ಬಳಿದ ಜೋಗಯ್ಯ ಇನ್ನೊಂದು ಬೀದಿಯಲ್ಲಿ. ಒಂದೇ ಜಾತಿ, ಒಂದೇ ಊರು, ಒಂದೇ ಮುದ್ದೆ, ಹಣೆ ಮಾತ್ರ ಬೇರೆ. ಹೆಣ್ಣು ಕೊಟ್ಟು ತರುವುದಕ್ಕೆ ಅಡ್ಡಿಯಿರಲಿಲ್ಲ. ಹೆಣ್ಣು ಯಾವ ಮನೆ ಹೊಸ್ತಿಲು ದಾಟಿದಳೋ ಆ ಮನೆಯ ದೇವರು ಅವಳ ದೇವರು, ಅಷ್ಟೇ. ಅವಳನ್ನು ಯಾರಾದರೂ ಕೇಳಿದರೇ? ಇತಿಹಾಸದಲ್ಲಿ ಅದು ಬರೆದಿಲ್ಲ.

ನಮ್ಮೂರ ಸಂತ ಕೂಗಯ್ಯ ಈ ಎರಡರಲ್ಲಿ ಯಾವ ಕಡೆಯವನು? ಮನೆಮನೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಅನ್ನುವುದರಲ್ಲಿ ಜಗಳವಿಲ್ಲ. ಏನಂತ ಕೂಗುತ್ತಿದ್ದ? ನಾವು ಗೋವಿಂದ ಅಂತೀವಿ, ನಂಜಪ್ಪನವರ ಮನೆಯವರು ಹರಹರ ಅಂತಾರೆ. ನಮ್ಮವ್ವ ಬೆಟ್ಟಮ್ಮ ಹೇಳುತ್ತಿದ್ದದ್ದೇ ಬೇರೆ: "ಅಯ್ಯ ಬಾಗ್ಲಲ್ಲಿ ನಿಂತ್ಕೊಂಡು ಉಂಡ್ರವ್ವಾ ಅಂತ ಕೂಗೋನಂತೆ ಕಣ್ಲಾ. ಇಲ್ಲ ಅಂದ್ರೆ ತನ್ನ ಜೋಳ್ಗೇಲಿರೋದ್ನೇ ಸುರ್ದುಬುಟ್ಟು ಹೋಗೋನಂತೆ." ಭಿಕ್ಷೆ ಬೇಡುವವನು ಭಿಕ್ಷೆ ಕೊಟ್ಟು ಹೋಗುತ್ತಾನೆಯೇ? ಅದನ್ನೂ ನಾನು ಅನುಮಾನಿಸಿದ್ದೆ.

ಆದರೆ ಒಂದೇ ಒಂದು ವಿಷಯವನ್ನು ನಾನು ಯಾವತ್ತೂ ಅನುಮಾನಿಸಲಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ತೋಪಿನ ಮಂಟಪದಲ್ಲಿ ಕೂಗಯ್ಯನ ಕಲ್ಲಿದೆ. ಶ್ರಾವಣದಲ್ಲಿ ಶನಿವಾರ ನಾಮದವರು ಹೋಗಿ ಆ ಕಲ್ಲಿನ ಹಣೆಗೆ ನಾಮ ಇಡುತ್ತೇವೆ. ಸೋಮವಾರ ವಿಭೂತಿಯವರು ಹೋಗಿ ವಿಭೂತಿ ಬಳಿಯುತ್ತಾರೆ. ಒಬ್ಬರ ಗುರುತನ್ನು ಇನ್ನೊಬ್ಬರು ಅಳಿಸುವ ಹಾಗಿಲ್ಲ. ಅಳಿಸಿದ ಕೈ ಒಣಗಿಹೋಗುತ್ತದೆ ಅಂತ ನಮ್ಮಲ್ಲಿ ಭಯ, ಮಕ್ಕಳಿಗೂ ಹೇಳಿ ಬೆಳೆಸಿದ್ದೇವೆ. ಆದರೂ ಸೋಮವಾರದವರು ಹೋದಾಗ ಕಲ್ಲಿನ ಹಣೆ ಖಾಲಿ ಇರುತ್ತಿತ್ತು. ಶನಿವಾರ ನಾವು ಹೋದಾಗಲೂ ಖಾಲಿ ಇರುತ್ತಿತ್ತು. ನಾವು ಏನಂದುಕೊಂಡೆವು? ಅಯ್ಯ ನಮ್ಮವನು, ಬೇರೆಯವರ ಗುರುತನ್ನು ತಾನೇ ಒರೆಸಿಕೊಳ್ಳುತ್ತಾನೆ ಅಂದುಕೊಂಡೆವು. ಅವರೂ ಅದನ್ನೇ ಅಂದುಕೊಂಡರು. ಎರಡು ಕಡೆಯವರೂ ಒಳಗೊಳಗೇ ಹಿಗ್ಗಿ, ಎದುರು ಸಿಕ್ಕಾಗ ಪಾಪ ಅವರಿಗೆ ಗೊತ್ತಿಲ್ಲ ಅಂತ ನಕ್ಕು, ಬೀಡಿ ಹಂಚಿಕೊಂಡು ಬದುಕಿದೆವು. ಪವಾಡ ಅಂದರೆ ಇದಲ್ಲವೇ ಪ್ರೊಫೆಸರ್ ಸಾಹೇಬರೇ?

ಈ ಶ್ರಾವಣದಲ್ಲಿ ಪವಾಡ ನಿಂತುಹೋಯಿತು. ಮೊದಲನೇ ಸೋಮವಾರ ನಂಜಪ್ಪನವರ ಕಡೆಯವರು ಹೋದರೆ ಅಯ್ಯನ ಹಣೆಯಲ್ಲಿ ನಮ್ಮ ನಾಮ ಹಾಗೇ ಕೂತಿದೆ. ಅಳಿಸುವ ಹಾಗಿಲ್ಲ, ಪೂಜೆ ಬಿಡುವ ಹಾಗೂ ಇಲ್ಲ. ಅದರ ಮೇಲೇ ವಿಭೂತಿ ಬಳಿದರು. ಮುಂದಿನ ಶನಿವಾರ ನಾವು ಹೋದರೆ ನಮ್ಮ ನಾಮದ ಮೇಲೆ ಬೂದಿ. ಆಮೇಲೆ ಆಗಿದ್ದು ನಿಮಗೇ ಗೊತ್ತು. ಟ್ರಾಕ್ಟರಿನ ದೀಪ ಒಡೆಯಿತು, ಚೌಡಯ್ಯನ ಮಗನ ತಲೆಗೆ ಹೊಲಿಗೆ ಬಿತ್ತು, ಗೊತ್ತಾಗಿದ್ದ ಒಂದು ಮದುವೆ ಮುರಿಯಿತು.

ಇದು ತಾನಾಗಿ ಆಗುತ್ತದೆಯೇ? ಯಾರೋ ಏನೋ ಮಾಡಿರಬೇಕಲ್ಲ? ಹೋದ ಮಾಘದಿಂದ ಕಲ್ಲಿನ ಸುತ್ತ ಓಡಾಡುತ್ತಿದ್ದ ಹೊರಗಿನವರು ಯಾರು? ಸ್ನೇಹ ಮೇಡಂ. ಸಂತರ ಚರಿತ್ರೆ ಬರೆಯುತ್ತೇನೆ ಅಂತ ಬಂದರು, ಕಲ್ಲು ಮುಟ್ಟಿ ನೋಡಿದರು, ಫೋಟೋ ತೆಗೆದರು. ಏನೋ ಎಣ್ಣೆ ಸವರಿ ಕಲ್ಲನ್ನು ಹಾಳು ಮಾಡಿದ್ದಾರೆ, ಅಯ್ಯನ ಶಕ್ತಿ ಕಟ್ಟಿಹೋಗಿದೆ ಅಂತ ಸಮಿತಿಯ ಅಭಿಪ್ರಾಯ. ನಾಮದವರೂ ವಿಭೂತಿಯವರೂ ಈ ವರ್ಷ ಒಪ್ಪಿರುವ ಮಾತು ಇದೊಂದೇ. ಮೇಡಂ ಮೇಲೆ ಠಾಣೆಗೆ ದೂರು ಕೊಡಬೇಕು, ಅವರ ಕಾಲೇಜಿಗೂ ತಿಳಿಸಬೇಕು, ಅಯ್ಯನಿಗೆ ದೀಪ ಹಚ್ಚುವ ಮನೆ ನನ್ನದಾದ್ದರಿಂದ ಆ ಠರಾವನ್ನು ನಾನು ಮಂಡಿಸಬೇಕು. ಅದಕ್ಕೇ ಈ ಶಾಲು, ಅದಕ್ಕೇ ಈ ಮೈಕು. ಆಕೆಯ ಕೆಲಸ ಹೋದೀತು ಅಂತ ಯಾರೋ ಅಂದರು. ಹೋಗಲಿ ಬಿಡು ಅಂದವನು ನಾನೇ.

ಅವರ ಮೇಲೆ ನನಗೆ ಸಿಟ್ಟು ಬಂದದ್ದು ಯಾಕೆ ಗೊತ್ತೇ? ನಮ್ಮ ಜಗುಲಿಯಲ್ಲಿ ಕೂತು, ನಮ್ಮ ಮನೆ ಕಾಫಿ ಕುಡಿದು, ಮೆಲ್ಲಗೆ ಕೇಳಿದರು: "ಸಾರ್, ಮಂಟಪದೊಳಗೆ ಮಳೆ ಬೀಳಲ್ಲ. ಹಾಗಾದ್ರೆ ಒರೆಸೋರು ಯಾರು?" ನಾನು ಲೋಟ ಕುಕ್ಕಿ ಎದ್ದೆ. ಒಳಗಿದ್ದ ನನ್ನ ಹೆಂಡತಿ ಹೊರಗೆ ಬಂದು ಏನಂದಳು? "ಅಯ್ಯ ಒರೆಸ್ಕೋತಾನೆ ಕಣವ್ವ. ಅದ್ನೇ ಬರ್ಕೋ. ಇನ್ನೊಂದು ಲೋಟ ಕಾಫಿ ಕೊಡ್ಲಾ?" ಅಂತ ನಕ್ಕಳು. ಆಕೆ ಹಾಗೆ ನಕ್ಕಿದ್ದನ್ನು ಬಹಳ ದಿನದ ಮೇಲೆ ನೋಡಿದೆ. ಆ ನಗುವಿನ ಮೇಲೂ ನನಗೆ ಅನುಮಾನ ಬಂತು.

ನನ್ನ ಹೆಂಡತಿ ಪಾರ್ವತಮ್ಮ ಈ ಯುಗಾದಿ ಕಳೆದ ಮೇಲೆ ತೀರಿಕೊಂಡಳು. ನಿಮ್ಮಲ್ಲಿ ಬಹಳ ಜನ ತಿಥಿಗೆ ಬಂದಿದ್ದಿರಿ. ಆಕೆಯ ವಿಷಯ ಈ ಸಭೆಯಲ್ಲಿ ಹೇಳಬೇಕಾಗಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ನಾಗಮಂಗಲ ಕಡೆಯ ಹೆಣ್ಣು, ಭೈರವನ ಒಕ್ಕಲು, ಹೆಸರೇ ಪಾರ್ವತಿ. ನಮ್ಮದು ಮೇಲುಕೋಟೆ ದೇವರ ಒಕ್ಕಲು, ನನ್ನ ಹೆಸರು ಚಲುವರಾಜು. ಮದುವೆಯಾದ ದಿನ ಅವಳ ಹಣೆ ನಮ್ಮದಾಯಿತು. ಒಳಗು ನಮ್ಮದಾಯಿತೇ? ಟೆಸ್ಟರಿಗೆ ಈ ಪ್ರಶ್ನೆ ಬರದೆ ಇರುತ್ತದೆಯೇ?

ಶ್ರಾವಣ ಬಂತೆಂದರೆ ಆಕೆ ಬೆಳಗಾಗುವ ಹೊತ್ತಿಗೆ ಬಿಂದಿಗೆ ಇಟ್ಟುಕೊಂಡು ಎಲ್ಲಿಗೋ ಹೋಗುತ್ತಿದ್ದಳು. ಕೇಳಿದರೆ "ಸೊಪ್ಪಿನ ಮಡಿಗೆ ನೀರು" ಅನ್ನುತ್ತಿದ್ದಳು. ಶ್ರಾವಣದ ಮಳೆಯಲ್ಲಿ ಸೊಪ್ಪಿಗೆ ಯಾರು ನೀರು ಹೊರುತ್ತಾರೆ ಸ್ವಾಮಿ? ಒಮ್ಮೆ ಹಿಂದೆ ಹೋದೆ. ತೋಪಿನ ಹತ್ತಿರ ತಿರುಗಿ ನಿಂತು, "ಯಾಕ್ ಬಂದ್ರಿ, ಕರು ಬುಟ್ಕೊಂಡದೆ, ಹಾಲೆಲ್ಲ ಕುಡ್ದುಬುಡ್ತದೆ, ಹೋಗಿ" ಅಂದಳು. ಹಾಲು ಅಂದರೆ ನಾನು ಓಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ಓಡಿದೆ.

ಇನ್ನೊಮ್ಮೆ, ಒಂದು ಶುಕ್ರವಾರ, ಆಕೆ ವಾಪಸ್ ಬಂದಾಗ ಸೆರಗಿನ ತುದಿಯಲ್ಲಿ ವಿಭೂತಿ. ಸಿಕ್ಕಿಬಿದ್ದಳು ಅಂದುಕೊಂಡೆ. ನಾಮದ ಮನೆ ಅನ್ನ ಉಂಡು ಕದ್ದು ತವರಿನ ದೇವರನ್ನು ಪೂಜೆ ಮಾಡ್ತೀಯಾ ಅಂತ ಎಲ್ಲರೆದುರು ಕೂಗಾಡಿದೆ. ತಿಂಗಳುಗಟ್ಟಲೆ ಮಾತು ಬಿಟ್ಟೆ. ಆಕೆ ಸೆರಗು ಒಗೆದು ಒಣಹಾಕಿದಳು, ಅಷ್ಟೇ. ಆಮೇಲೂ ಹೋಗುವುದು ಬಿಡಲಿಲ್ಲ. ಶುಕ್ರವಾರ ಬಂದರೆ ಸೆರಗಲ್ಲಿ ಬೂದಿ. ಭಾನುವಾರ ಬಂದರೆ ಕೆಂಪು.

ಭಾನುವಾರ ಕೆಂಪು ಇರುತ್ತಿತ್ತು. ಕುಂಕುಮ ಅಂದುಕೊಂಡಿದ್ದೆ.

ಸ್ವಲ್ಪ ತಾಳಿ. ನೀರು ಕೊಡಿ ಇಲ್ಲಿ.

ವಿಭೂತಿ ಪೂಜೆ ಮಾಡುವವಳ ಸೆರಗಿಗೆ ನಾಮದ ಕೆಂಪು ಎಲ್ಲಿಂದ ಬರಬೇಕು? ಶನಿವಾರ ನಾವು ನಾಮ ಇಡುತ್ತೇವೆ. ಭಾನುವಾರ ಆಕೆ ಬಿಂದಿಗೆ ತೆಗೆದುಕೊಂಡು ಹೋಗುತ್ತಾಳೆ. ಸೋಮವಾರ ನೀವು ಹೋದಾಗ ಹಣೆ ಖಾಲಿ. ನೀವು ಬೂದಿ ಬಳಿಯುತ್ತೀರಿ. ಶುಕ್ರವಾರ ಆಕೆ ಮತ್ತೆ ಹೋಗುತ್ತಾಳೆ. ಶನಿವಾರ ನಾವು ಹೋದಾಗ ಖಾಲಿ.

ಆಕೆ ಯುಗಾದಿ ಕಳೆದು ಹೋದಳು. ಈ ಶ್ರಾವಣದಲ್ಲಿ ಒರೆಸುವವರು ಇಲ್ಲ.

ನಂಜಪ್ಪಣ್ಣ, ಚೀಟಿ ಕಳಿಸಬೇಡ, ಬೇಗ ಮುಗಿಸು ಅಂತ ಬರೆದಿರುತ್ತೀಯ. ನಾನು ಈಗ ಮಾತಾಡದಿದ್ದರೆ ಇನ್ಯಾವಾಗ ಮಾತಾಡಲಿ? ನಮ್ಮವ್ವ ಸಾಯುವ ಮುಂಚೆ ಸೊಸೆಯ ಕಿವಿಯಲ್ಲಿ ಏನೋ ಹೇಳಿದಳು. ಒಡವೆ ಎಲ್ಲಿಟ್ಟಿದ್ದೀನಿ ಅಂತ ಹೇಳಿರಬೇಕು ಅಂತ ನಾನು ಅಟ್ಟ ಎಲ್ಲಾ ಹುಡುಕಿದೆ. ನಮ್ಮವ್ವನೂ ಬಿಂದಿಗೆ ಹೊತ್ತು ಹೋಗುತ್ತಿದ್ದವಳೇ, ಈಗ ನೆನಪಾಗುತ್ತದೆ. ಅವಳ ಅತ್ತೆಯೂ ಹೋಗುತ್ತಿದ್ದಳೋ ಏನೋ. ಪಾರ್ವತಮ್ಮ ಯಾರ ಕಿವಿಯಲ್ಲಿ ಹೇಳಬೇಕಿತ್ತು? ನನಗೆ ಹೆಣ್ಣುಮಕ್ಕಳಿಲ್ಲ, ಸೊಸೆ ಇಲ್ಲ, ಮನೆಯಲ್ಲಿ ಇದ್ದವನು ನಾನೊಬ್ಬ. ನನಗೆ ಹೇಳುವಂಗಿತ್ತಾ? ಹೇಳಿದ್ದರೆ ಮಾರನೇ ದಿನವೇ ಡೈರಿ ಮುಂದೆ ಪಂಚಾಯ್ತಿ ಸೇರಿಸಿರುತ್ತಿದ್ದೆ.

ಒಂದು ಮಾತು ಹೇಳಿ ಕೂತುಬಿಡುತ್ತೇನೆ. ಹೋದ ವರ್ಷದಿಂದ ಪಾರ್ವತಮ್ಮನ ಬಲಗೈ ಸೋತಿತ್ತು. ಹಸು ಕರೆಯೋಕೆ ಆಗ್ತಿರಲಿಲ್ಲ, ಲೋಟ ಬೀಳ್ತಿತ್ತು. ಮಂಡ್ಯದಲ್ಲಿ ತೋರಿಸೋಣ ಬಾ ಅಂದೆ. "ಬ್ಯಾಡ ಬುಡಿ, ಇದು ಆಗಬೇಕಾದ್ದೇ. ಡಾಕ್ಟ್ರು ಏನ್ ಮಾಡ್ತಾರೆ" ಅಂದಳು. ಆಗಬೇಕಾದ್ದು ಅಂದರೆ ಏನಂತ ನನಗೆ ತಿಳಿಯಲಿಲ್ಲ. ತವರಿನವರು ಏನೋ ಮಾಡಿಸಿದ್ದಾರೆ ಅಂತ ಅವರ ಮೇಲೆ ಅನುಮಾನ ಪಟ್ಟೆ. ಈಗ ತಿಳೀತು. ಅಳಿಸಿದ ಕೈ ಒಣಗುತ್ತದೆ ಅನ್ನುವ ಮಾತನ್ನು ನಾವೆಲ್ಲ ಬರೀ ಹೇಳ್ತಿದ್ವಿ. ಆಕೆ ನಂಬಿದ್ದಳು. ನಂಬಿಕೊಂಡೇ ಪ್ರತಿ ಶ್ರಾವಣ ಹೋಗಿ ಒರೆಸಿದಳು, ಕೈ ಸೋತ ಮೇಲೂ ಹೋದ ಶ್ರಾವಣದಲ್ಲಿ ಎಡಗೈಯಲ್ಲಿ ಒರೆಸಿರಬೇಕು. ನೀವೂ ನಾವೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿ ಅಂತ. ಅವಳನ್ನು ಕೊಂಡೊಯ್ದ ಆ ಕಾಯಿಲೆಗೆ ಔಷಧಿ ಇತ್ತಂತೆ, ಆಮೇಲೆ ಡಾಕ್ಟರು ಹೇಳಿದರು. ಶಾಪಕ್ಕೆ ಔಷಧಿ ಇಲ್ಲ ಅಂತ ಅವಳು ಬರಲಿಲ್ಲ.

ಸಂತರ ಚರಿತ್ರೆಯಲ್ಲಿ ಏನೇನಿದೆಯೋ ನಾನು ಓದಿಲ್ಲ. ಕಲ್ಲನ್ನು ನಾನು ಒಂದು ದಿನವೂ ಅನುಮಾನಿಸಲಿಲ್ಲ, ಹೆಂಡತಿಯನ್ನು ಒಂದು ದಿನವೂ ನಂಬಲಿಲ್ಲ. ಇದನ್ನು ಪುಸ್ತಕದಲ್ಲಿ ಸೇರಿಸುವುದಾದರೆ ಸೇರಿಸಿ ಮೇಡಂ, ನನ್ನ ಹೆಸರೂ ಹಾಕಿ. ಆ ಠರಾವನ್ನು ನಾನು ಮಂಡಿಸುವುದಿಲ್ಲ. ಬೇರೆ ಯಾರಾದರೂ ಮಂಡಿಸುವುದಾದರೆ ನನ್ನ ಮುಖ ನೋಡಿಕೊಂಡು ಮಂಡಿಸಲಿ. ಮೇಡಂ, ನೀವು ಒಬ್ಬರೇ ಸರಿಯಾದ ಪ್ರಶ್ನೆ ಕೇಳಿದ್ದಿರಿ, ನಾನು ನಿಮ್ಮ ಎದುರು ಲೋಟ ಕುಕ್ಕಿದೆ. ತಪ್ಪಾಯಿತು.

ಇವತ್ತು ಶನಿವಾರ, ಬೆಳಿಗ್ಗೆ ನಾವು ನಾಮ ಇಟ್ಟಿದ್ದೇವೆ. ನಾಳೆ ಭಾನುವಾರ. ಆಕೆ ಇಷ್ಟು ಕಾಲ ಯಾರಿಗೂ ಕಾಣದ ಹಾಗೆ ಮಾಡಿದಳು. ಆ ಗುಟ್ಟನ್ನು ಇವತ್ತು ನಾನು ಮೈಕಿನಲ್ಲಿ ಹೇಳಿ ಕೆಡಿಸಿಬಿಟ್ಟೆ, ಇನ್ನು ಕದ್ದು ಮಾಡುವ ಹಾಗಿಲ್ಲ. ನಾಳೆ ಬೆಳಕು ಹರಿದ ಮೇಲೆ, ಎಲ್ಲರೂ ನೋಡುವ ಹೊತ್ತಿನಲ್ಲಿ, ನಾನೇ ಹೋಗಿ ನಮ್ಮ ನಾಮ ತೊಳೆಯುತ್ತೇನೆ. ಶುಕ್ರವಾರ ಹೋಗಿ ನಿಮ್ಮ ವಿಭೂತಿ ತೊಳೆಯುತ್ತೇನೆ. ಕೈ ಒಣಗುವುದಾದರೆ ನನ್ನದು ಒಣಗಲಿ, ಈ ಕೈಯಿಂದ ಇನ್ನೇನು ಆಗಬೇಕಾಗಿದೆ. ಹೊಡೆಯುವವರು ಅಲ್ಲಿಗೇ ಬನ್ನಿ. ನೀರು ಹೊರಲು ಯಾರಾದರೂ ಬಂದರೆ ಬೇಡ ಅನ್ನುವುದಿಲ್ಲ.

ಇಷ್ಟು ಹೊತ್ತು ಕಿಟಕಿ ಕಡೆಯವರೂ ಬಾಗಿಲ ಕಡೆಯವರೂ ಎದ್ದು ಹೋಗದೆ ಕೂತು ಕೇಳಿದಿರಿ, ನಿಮಗೆ ದೊಡ್ಡ ಉಪಕಾರ. ಅಧ್ಯಕ್ಷರಿಗೂ ಅತಿಥಿಗಳಿಗೂ ವಂದನೆ. ಹೆಂಡತಿಗೆ ಕೈ ಮುಗಿಯುವ ರೂಢಿ ನಮ್ಮ ಕಡೆ ಇಲ್ಲ. ಇವತ್ತು ಮುಗಿದರೆ ಯಾರೂ ನಗಬೇಡಿ.

ನಮಸ್ಕಾರ ಕಣಮ್ಮಿ.