ಬಾಣಂತಿ ಕೋಣೆಯ ಏಸಿ

ಅಲ್ಲ ಗಿರೀಶ, ಅದರ ಮುಂದಿನ ಮುಚ್ಚಳ ಆಮೇಲೆ ಬಿಚ್ಚು ಅಂದ್ನಲ್ಲ! ಮೊದಲು ಈ ಕಿಟಕಿ ಪಟ್ಟಿ ನೋಡು. ಇಗೋ, ಇಲ್ಲಿ... ಚೌಕಟ್ಟಿಗೂ ನಿನ್ನ ಏಸಿ ಡಬ್ಬಿಗೂ ನಡುವೆ. ಇರುವೆ ಮೆರವಣಿಗೆ ಹೋಗೋವಷ್ಟು ಸಂದಿ ಬಿಟ್ಟೀಯ. ತಂಪೆಲ್ಲ ಇಲ್ಲೇ ಸೋರಿ ಹೋದ್ರೆ ಕೋಣೆಗೆ ಎಲ್ಲಿಂದ ಬರಬೇಕು? ಯಾಕೆ ನಗ್ತೀಯ? ಈ ಮುದುಕಿಗೇನು ಗೊತ್ತು ಅಂತಾನಾ?

ಮೆಲ್ಲಗೆ ಬಡಿ ಮಾರಾಯ. ಕೂಸು ಈಗಷ್ಟೇ ಆಚೆ ಕಣ್ಣು ಮುಚ್ಚೈತೆ. ಮೈತ್ರಿ ನಡುಮನೆಯಲ್ಲಿ ಬ್ಯಾಗಿಗೆ ಬಟ್ಟೆ ತುಂಬ್ತಾ ಇದಾಳೆ... ಹೂಂ, ಹೊರಟು ನಿಂತಾಳೆ. ಅದಕ್ಕೇ ಬೆಳಗ್ಗೆಯಿಂದ ನಿನಗೆ ಫೋನಿನ ಮೇಲೆ ಫೋನ್ ಮಾಡಿ ಪ್ರಾಣ ತಿಂದಿದ್ದು. ಊಟದ ಹೊತ್ತಿಗೆ ಅಳಿಯ ಉದಯ ಶಿಕಾರಿಪುರದಿಂದ ಕಾರು ತಗೊಂಡು ಬರ್ತಾರೆ. ಅಷ್ಟರೊಳಗೆ ಈ ಡಬ್ಬಿ ತಣ್ಣಗೆ ಗಾಳಿ ಬಿಟ್ರೆ ಮಗಳು ನನ್ನ ಮನೇಲಿ ಇರ್ತಾಳೆ. ಇಲ್ಲ ಅಂದ್ರೆ ಕೂಸು ಎತ್ತಿಕೊಂಡು ಗಂಡನ ಮನೆಗೆ ನಡೀತಾಳೆ. ಐದನೇ ತಿಂಗಳಲ್ಲಿ ಮಡಿಲು ತುಂಬಿ, ತೊಟ್ಟಿಲು ಕೊಟ್ಟು ಕಳಿಸಬೇಕಪ್ಪ ಬಾಣಂತೀನ. ಇವಳಿಗಿನ್ನೂ ಎರಡು ತಿಂಗಳೂ ತುಂಬಿಲ್ಲ! ನಮ್ಮ ಹೊಸಬಾಳೆ ಊರೋರು ಬಾಯಿ ಮುಚ್ಕೊಂಡು ಇರ್ತಾರಾ? ಈ ಬಸಕ್ಕನಿಗೆ ಮಗಳ ಬಾಣಂತನ ಮಾಡೋ ಯೋಗ್ಯತೆ ಇರಲಿಲ್ಲ ಅಂತ ನನ್ನನ್ನ ಆಡಿಕೊಳ್ತಾರೆ.

ಎಂತ? ಪಟ್ಟಿ ಸರಿಯಾಗೈತಾ? ಸರಿಯಾಗಿದ್ರೆ ನೀರು ಯಾಕೆ ಒಳಗೆ ಬರ್ತದೆ ಹೇಳು! ಹಾಕುವಾಗಲೇ ನಾನು ಅಂದೆ, ಇದು ಡೊಂಕಾಗೈತೆ, ಹಿಂದಕ್ಕೆ ವಾಲೈತೆ ಅಂತ. ನೀನೇನಂದೆ? ಬೇಕಂತಲೇ ವಾಲಿಸಿದ್ದು ದೊಡ್ಡಮ್ಮ, ನೀರು ಹೊರಗೆ ಇಳೀಲಿ ಅಂತ. ದೊಡ್ಡ ಇಂಜಿನಿಯರು! ಈಗ ನೋಡು, ಗೋಡೆ ನೆನೆದು ಸುಣ್ಣ ಉದುರ್ತಾ ಐತೆ. ಪರಶುರಾಮ ಆಚಾರಿ ಮಾಡಿದ ಚೌಕಟ್ಟು, ಎಷ್ಟು ಮಳೆಗಾಲ ಕಂಡ್ರೂ ಜಗ್ಗಿರಲಿಲ್ಲ. ನೀನು ಬಡಿದ ಈ ಪಟ್ಟಿ ಆಗಲೇ ಉಬ್ಬಿಕೊಂಡೈತೆ. ನಿನ್ನೆ ಹಾಸಿಗೆ ಅಂಚಿಗೂ ನೀರು ಬಂದಿತ್ತು. ಅದನ್ನ ನೋಡಿಯೇ ಅವಳು ಗಂಡನಿಗೆ ಬಾ ಅಂದಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಂಗಾಯ್ತು ನಿನ್ನ ಕಥೆ. ನಿನ್ನ ಕೆಲಸ ಸರಿ ಇಲ್ಲ ಅಂತ ಒಪ್ಪಿಕೋ.

ಒಳಗೆ ಮಂಜುಗಡ್ಡೆ ಕಟ್ಟಿರಬೇಕಾ? ಅದು ಕರಗಿ ಸೋರ್ತದಾ? ...ಗಾಳಿ ಆಡದಿದ್ರೆ ಕಟ್ತದೆ ಅಂತೀಯ. ಗಾಳಿ ಯಾಕೆ ಆಡಲ್ಲ? ಕರೆಂಟು ಹಂಗೈತಪ್ಪ ನಮ್ಮೂರಲ್ಲಿ. ಸಂಜೆ ಆದ್ರೆ ದೀಪಾನೇ ಮಿಣಿ ಮಿಣಿ ಅಂತದೆ, ಇನ್ನು ಇದು ಓಡ್ತದಾ? ವೈರು ನೋಡು. ಪ್ಲಗ್ಗು ನೋಡು. ಹೊರಗಿಂದ ನೋಡು, ಹಿಂದೆ ಗುಬ್ಬಿ ಏನಾದ್ರೂ ಗೂಡು ಕಟ್ಟೈತೇನೋ... ನೋಡಿದ್ಯಾ? ಯಾವಾಗ ನೋಡ್ದೆ?

ಅಯ್ಯೋ, ನನಗೆ ಏಸಿ ಕಂಡ್ರೆ ಆಗಲ್ಲ ಅಂತ ಯಾರು ಹೇಳಿದ್ದು ನಿನಗೆ? ನಿಮ್ಮಮ್ಮ ಹಾಲಮ್ಮನಾ? ನಮ್ಮ ಕಾಲದಲ್ಲಿ ಬಾಣಂತಿಗೆ ಕಿವಿ ಕಟ್ಟಿ, ಮಂಚದ ಕೆಳಗೆ ಕೆಂಡ ಇಟ್ಟು, ಕಿಟಕಿ ತೆಗೆಯೋಕೂ ಬಿಡ್ತಿರಲಿಲ್ಲ. ಹೌದು. ಇವಳ ಕೂಸಿಗೆ ಸೆಕೆಗೆ ಮೈತುಂಬ ಬೆವರುಗುಳ್ಳೆ ಎದ್ದು, ಡಾಕ್ಟರೇ ತಂಪಾಗಿಡಿ ಅಂದ ಮೇಲೆ ನಾನು ಒಂದು ಮಾತೂ ಆಡಲಿಲ್ಲ. ಅಳಿಯ ತಂದ್ರು, ಹಾಕಿಸಿಕೊಂಡೆ. ಹಾಲಮ್ಮನ ಮಗ ಅಂತ ನಿನ್ನನ್ನೇ ಕರೆಸಿದ್ದೂ ನಾನೇ ಅಲ್ವಾ?

ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡ್ಯಲ್ಲ! ಬೇಡ ಅಂದ್ನಲ್ಲ. ಇರು, ಮಜ್ಜಿಗೆ ತರ್ತೀನಿ, ಕುಡಿದು ಆಮೇಲೆ ಬಿಚ್ಚು. ಆ ಧೂಳೆಲ್ಲ ಕೂಸಿನ ಮಂಚದ ಮೇಲೆ... ಗಿರೀಶ... ಹೇಳಿದ ಮಾತು ಕೇಳೋ...

ಅದಾ, ಮುಚ್ಚಳದ ಹಿಂದೆ ಸಿಕ್ಕಿದ್ದು? ಎಂತದೋ ಬಟ್ಟೆ. ನನಗೇನು ಗೊತ್ತು. ಇಲಿ ಎಳೆದು ತಂದಿರ್ತದೆ. ಈ ವರ್ಷ ಇಲಿ ಜಾಸ್ತಿ ನೋಡು, ಮೆಕ್ಕೆಜೋಳದ ಚೀಲ ಒಂದೂ ಬಿಟ್ಟಿಲ್ಲ.

...ಎಂತಕ್ಕೆ ಹಂಗೆ ನೋಡ್ತೀಯ? ಅದೂ ಮಡಚಿಟ್ಟಂಗೈತೆ, ಹೌದು. ಇಲಿ ಮಡಚಲ್ಲ, ನನಗೂ ಗೊತ್ತೈತೆ. ಈಗ ಆ ಕಡೆ ಎಂತ ನೋಡ್ತೀಯ, ಹಿತ್ತಲ ತಂತಿ ಮೇಲೆ? ಕೂಸಿನ ಬಟ್ಟೆ ಒಣಗ್ತಾ ಐತೆ, ಅಷ್ಟೇ. ...ಅದೇ ಹೂವು, ಅದೇ ಬಣ್ಣ. ಒಂದೇ ಸೀರೆ ಕಣಪ್ಪ, ನಂದು. ಹರಿದು ಕೂಸಿಗೆ ಬಟ್ಟೆ ಮಾಡ್ದೆ. ಉಳಿದಿದ್ದನ್ನ... ಹೂಂ. ಜಾಲರಿ ಎಳೆದು ನಾನೇ ಒಳಗೆ ತುರುಕಿದ್ದು. ಅವಳು ಸ್ನಾನಕ್ಕೆ ಹೋದಾಗ.

ಶೀತ ಆದೀತು ಅಂತ. ಹಸಿ ಮೈ ಬಾಣಂತಿಗೆ ಆ ಗಾಳಿ ಆಗ್ತದಾ? ಸೊಂಟ ಹಿಡೀತದೆ, ಕೂಸಿಗೆ ನೆಗಡಿ ಆಗ್ತದೆ... ಹೆತ್ತವಳಿಗೆ ಭಯ ಇರಲ್ವಾ? ನೀನೇ ಹೇಳು.

ಹೇಳೋ. ಆ ಬಟ್ಟೆ ನನ್ನ ಮುಂದೆ ಯಾಕೆ ಹಿಡೀತೀಯ?

...ಶೀತಕ್ಕಲ್ಲ ಮಾರಾಯ.

ಇದು ಬರೋ ಮುಂಚೆ ಈ ಕೋಣೆ ಬಾಗಿಲು ಹಾಕಿದ್ದೇ ಇಲ್ಲ. ಅವಳು ಮಂಚದ ಮೇಲೆ, ನಾನು ಕೆಳಗೆ ಚಾಪೆ ಮೇಲೆ. ಕೂಸು ಕುಂಯ್ ಅಂದ್ರೆ ನನಗೇ ಮೊದಲು ಎಚ್ಚರ. ಆಮೇಲೆ ಇಬ್ಬರಿಗೂ ನಿದ್ದೆ ಬರದೆ ಮಾತು... ಅತ್ತೆ ಶಶಿರೇಖಾ ಹಂಗಂದ್ರು, ನಾದಿನಿ ಹಿಂಗಂದ್ಲು. ಮದುವೆ ಆದ ಮೇಲೆ ನನ್ನ ಮಗಳು ನನ್ನ ಹತ್ತಿರ ಬಾಯಿ ತುಂಬ ಮಾತಾಡಿದ್ದೇ ಆಗ. ಈ ಡಬ್ಬಿ ಬಂದು ಕೂತ ದಿನದಿಂದ ಒಂದೇ ಮಾತು, ಅಮ್ಮ, ಬಾಗಿಲು ಹಾಕು, ತಂಪು ಹೋಗ್ತದೆ. ನನ್ನ ಮಂಡಿಗೆ ಈ ಥಂಡಿ ಆಗಲ್ಲ, ಒಳಗೆ ಮಲಗಿದ್ರೆ ಬೆಳಗ್ಗೆ ಏಳೋಕಾಗಲ್ಲ. ಹೊರಗೆ ಬಿದ್ಕೊಂಡೆ. ನಾನು ಕಟ್ಟಿಸಿದ ಮನೇಲಿ ನಾನು ಬಾಗಿಲು ತಟ್ಟಬೇಕು ಕಣೋ! ಕೂಸು ಅತ್ರೂ ನನಗೆ ಕೇಳಿಸಲ್ಲ, ಇದರ ಗೊರಗೊರ ಸದ್ದೇ ಕೇಳ್ತದೆ. ಹೊಟ್ಟೆ ಉರೀತು. ಇದು ಕೆಟ್ಟು ನಿಂತ್ರೆ ಬಾಗಿಲು ತೆಗೀತಾಳೆ ಅಂದ್ಕೊಂಡೆ.

ತೆಗೆದ್ಲು. ಹೊರಡೋಕೆ.

ಈಗೇನು ಮಾಡ್ತೀಯ, ಅವಳಿಗೆ ಹೇಳ್ತೀಯಾ? ಕೂಗಬೇಡ... ಹೇಳಲ್ವಾ? ನಿಜವಾಗ್ಲೂ? ಆ ಬಟ್ಟೆ ನಿನ್ನ ಚೀಲಕ್ಕೆ ಯಾಕೆ ಹಾಕ್ಕೊಂಡೆ... ಓ. ಸರಿ ಬಿಡು. ಮಂಜುಗಡ್ಡೆ ಉದುರಿ ಹೋಯ್ತಾ? ಹಾಕು ಹಂಗಾದ್ರೆ. ಹಾಕಿ ನೋಡು.

ಬಂತು... ಕೈಗೆ ತಣ್ಣಗೆ ಹೊಡೀತಾ ಐತೆ. ಒಳ್ಳೇ ತಂಪು.

ಎಂತ? ಬಾಗಿಲಾ? ...ಹೂಂ, ಹಾಕಬೇಕಲ್ಲ.

ಮೈತ್ರೀ, ಕೂಸು ಎತ್ತಿಕೊಂಡು ಬಾರೇ ಇಲ್ಲಿ. ಸರಿ ಹೋಯ್ತು. ಉದಯ ಅವರಿಗೆ ಫೋನ್ ಮಾಡು, ಊಟ ಮಾಡ್ಕೊಂಡು ಒಬ್ಬರೇ ಹೋಗಲಿ. ಬಾ, ಬೇಗ ಒಳಗೆ ನಡಿ, ತಂಪು ಹೋಗ್ತದೆ. ಇಲ್ಲವ್ವ, ನಾನು ಬರಲ್ಲ... ಹೊರಗಿಂದ ನಾನೇ ಹಾಕ್ತೀನಿ.