ಅಕ್ಕನ ಮುಂದಿನ ಹಲ್ಲು

ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಳು. ಅವಳ ತಮ್ಮ ಏದುಸಿರು ಬಿಡುತ್ತಾ ಬಂದ.

“ಅಕ್ಕ, ಹಲ್ಲು ಕೀಳಿಸ್ಬಿಟ್ಯಾ?”

“ಇನ್ನೂ ಇಲ್ಲ ಕಣೋ. ನೋವು ತಡೆಯಕ್ಕಾಗ್ತಿಲ್ಲ.”

“ಸದ್ಯ! ನಮ್ಮ ಡಿಸ್ಕೋ ಬ್ಯಾಂಡು ಹೇಗೆ ಹುಟ್ಟಿ ಹೇಗೆ ಮೇಲೆ ಬಂತು ಅಂತ ಟಿವಿಯವರು ಚಿತ್ರ ಮಾಡ್ತಿದ್ದಾರೆ.”

“ಅಪ್ಪನ ಗ್ಯಾರೇಜಲ್ಲಿ ಶುರುವಾಗಿದ್ದು ಹೇಳಿದ್ಯಾ? ನೀನು ಗಿಟಾರು ಬಾರಿಸಿ, ನಾನು ಹಾಡಿ, ಗಾಡಿ ರಿಪೇರಿಗೆ ಬಂದವರೆಲ್ಲ ಕುಣಿದಿದ್ದು?”

“ಗ್ಯಾರೇಜು ಹೇಳಿದೆ.”

“ನನ್ನ ವಿಷಯ?”

“ಮೊದಲ ರೆಕಾರ್ಡಿನ ಮೇಲೆ ಆ ತೆಳ್ಳಗಿನ ಹುಡುಗಿ ಫೋಟೋ ಬಂತಲ್ಲಕ್ಕ. ಜನ ಇವತ್ತಿಗೂ ಅದು ಅವಳ ದನಿ ಅಂತಾನೇ ನಂಬಿದ್ದಾರೆ. ಈಗ ಬಾಯಿಬಿಟ್ರೆ ಎಲ್ಲರ ಮಾನ ಹೋಗುತ್ತೆ.”

“ಆಗ ನಾನು ಬಸುರಿ. ಮುಂದಿನ ರೆಕಾರ್ಡಿಗೆ ನಿನ್ನದೇ ಫೋಟೋ ಅಂತ ನೀನೇ ಅಂದಿದ್ದೆ.”

“ಅಂದಿದ್ದೆ.”

“ಮತ್ತೆ ಈಗ್ಯಾಕೆ ಓಡಿ ಬಂದೆ?”

“ಚಿತ್ರಕ್ಕೆ ಆ ಹಾಡನ್ನ ಹೊಸದಾಗಿ ಹಾಡ್ಬೇಕಂತೆ. ಅವಳಿಂದ ಆಗಲ್ಲ. ನೀನು ಪರದೆ ಹಿಂದೆ ನಿಂತು ಹಾಡ್ಬೇಕು. ಮುಂದಿನ ಹಲ್ಲು ಹೋದ್ರೆ ಮಾತಲ್ಲಿ ಗಾಳಿ ಸೋರುತ್ತೆ, ಅದಕ್ಕೆ.”

ಅಕ್ಕ ಕರವಸ್ತ್ರ ಮಡಚಿ ಮತ್ತೆ ಬಾಯಿಗೆ ಒತ್ತಿಕೊಂಡಳು.

“ಯಾವತ್ತು?”

“ಶನಿವಾರ.”

ಒಳಗಿನಿಂದ ನರ್ಸ್ ಅವಳನ್ನು ಕರೆದಳು.

“ಇನ್ನೊಂದಿನ ಬರ್ತೀನಮ್ಮ,” ಎಂದು ಅಕ್ಕ ಎದ್ದಳು. ತಮ್ಮ ಬಾಗಿಲು ತೆರೆದು ಹಿಡಿದ. ಇಬ್ಬರೂ ಮೆಟ್ಟಿಲಿಳಿಯುವಾಗ ಅವಳ ದನಿ ಕೇಳಿಸಿತು.

“ಯಾವ ಬಟ್ಟೆ ಹಾಕ್ಕೊಂಡು ಬರ್ಲೋ?”

“ಯಾವುದಾದ್ರೂ ಹಾಕ್ಕೊಂಡು ಬಾ ಅಕ್ಕ. ನೀನೇನು ಕಾಣಲ್ವಲ್ಲ.”