ಮೂರು ನೋಟ್‌ಬುಕ್ಕಿನ ಕೋಡು

ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ಸಹಪಾಠಿ ಸರೋಜಾಳ ಪಕ್ಕವೇ ಕೂತಿದ್ದ ನಿಂಗರಾಜು, ಅವಳ ನೋಟ್‌ಬುಕ್ ಬಿಡಿಸಿದವನೇ ಬೆಚ್ಚಿಬಿದ್ದ.

“ಇದೇನಮ್ಮಿ, ವೆಬ್‌ಸೈಟ್ ಕೋಡ್ನ ಪೆನ್ನಲ್ಲಿ ಬರ್ದಿದ್ದೀಯೆ?”

“ಎಡಿಟರ್ ಬ್ರೌಸರಲ್ಲಿ ತಾನೇ ತೆಗ್ಯೋದು? ತಾಳಮಲೇಲಿ ಟವರ್ ಎಲ್ಲದಲಾ? ಮನೇಲಿ ಬರ್ಕಂಡು, ಇಲ್ಲಿ ಬಂದು ಟೈಪ್ ಮಾಡ್ತೀನಿ. ಇದು ಮೂರ್ನೇ ನೋಟು.”

“ಪ್ರಾಜೆಕ್ಟ್ ನಾಳೆ ಕೊಡ್ಬೇಕಲ್ಲ!”

“ಇನ್ನೂ ನಲವತ್ತು ಪುಟ ಅದ.”

“ಅಯ್ಯೋ! ವಿಎಸ್ ಕೋಡ್ ಅನ್ನೋ ಎಡಿಟರ್ನ ಲ್ಯಾಪ್‌ಟಾಪ್‌ಗೆ ಒಂದ್ಸಲ ಇಳಿಸ್ಕಂಡ್ರೆ ಬರ್ಯಕೆ ನೆಟ್ಟೇ ಬ್ಯಾಡ ಕಣಮ್ಮಿ. ಕಾಡೊಳಗೂ ನಡೀತದ.”

ಸರೋಜಾಳ ಮುಖ ಬಿಳಿಚಿಕೊಂಡಿತು.

“ನೆಟ್ಟಿಲ್ದೆ? ಎರಡು ವರ್ಸದಲ್ಲಿ ಒಬ್ರಾದ್ರೂ ಏಳ್ನಿಲ್ವಲ್ಲಾ!”

ತಾಳಮಲೆ ಬಸ್ಸು ಹಾರನ್ ಹೊಡೆಯಿತು.

“ನಿನ್ ಬಸ್ಸು ಕಣಮ್ಮಿ.”

“ಓಗ್ಲಿ ಬುಡು. ಮೊದ್ಲು ಅದ್ನ ಇಳಿಸ್ಕೊಡು, ಬಾ.”

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಅವಳು ಟೀ ಅಂಗಡಿಯ ಕಡೆಗೆ ಓಡಿದಳು. ನಿಂಗರಾಜು ಹಿಂದೆಯೇ ಹೋದ.